ಮಿಕ್ಸರ್‌ನಿಂದ ಕಂಪ್ಯೂಟರಿಗೆ ಎಷ್ಟು ಟ್ರ್ಯಾಕ್ ಹೋಗುತ್ತದೆ?

ಕಳೆದ ವರ್ಷ ದಸರಾ ಮುಗಿದ ಮೇಲೆ ಒಬ್ಬ ನಿವೃತ್ತ ಶಿಕ್ಷಕಿ ಮೈಸೂರಿನ ನನ್ನ ಸ್ಟುಡಿಯೋಗೆ ಬಂದರು. ಕೈಯಲ್ಲಿ ಒಂದು ಪೆನ್‌ಡ್ರೈವ್. ಅದರಲ್ಲಿ ಹನ್ನೆರಡು ದೇವರನಾಮ. ಎಲ್ಲವನ್ನೂ ಮನೆಯಲ್ಲೇ ರೆಕಾರ್ಡ್ ಮಾಡಿದ್ದರು. ಹಾಡಿದ್ದು ಅವರು, ಹಾರ್ಮೋನಿಯಂ ಅವರ ತಂಗಿ, ತಬಲಾ ಪಕ್ಕದ ಮನೆಯ ಹುಡುಗ. "ಸಾರ್, ತಬಲಾ ಸ್ವಲ್ಪ ಜೋರಾಗಿದೆ. ಅದೊಂದನ್ನ ಕಮ್ಮಿ ಮಾಡಿಕೊಡಿ, ಸಾಕು" ಅಂದರು.

ಫೈಲ್ ತೆರೆದು ನೋಡಿದೆ. ಮೂರು ಜನ, ಮೂರು ಮೈಕು, ಆ ದನಿಗಳನ್ನು ಬೆರೆಸುವ ಎಂಟು ಚಾನೆಲ್‌ನ ಮಿಕ್ಸರ್. ಆದರೆ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಒಂದು ಸ್ಟೀರಿಯೋ ಟ್ರ್ಯಾಕ್, ಅಂದರೆ ಎಡ-ಬಲ ಜೋಡಿಯಾಗಿ ಎಲ್ಲವೂ ಕಲೆತ ಒಂದೇ ರೆಕಾರ್ಡಿಂಗ್. ಚಿತ್ರಾನ್ನ ಕಲಸಿದ ಮೇಲೆ ಉಪ್ಪು ಜಾಸ್ತಿ ಆಯ್ತು, ತೆಗೆದುಕೊಡಿ ಅಂದರೆ ಹೇಗೆ ತೆಗೆಯುವುದು? ಈಗ ದನಿಗಳನ್ನು ಬೇರ್ಪಡಿಸುವ ಸಾಫ್ಟ್‌ವೇರ್‌ಗಳಿವೆ. ಅದನ್ನೂ ಪ್ರಯತ್ನಿಸಿದೆ. ತಬಲಾ ತಗ್ಗಿತು, ನಿಜ. ಜೊತೆಗೆ ಹಾಡಿನ 'ಸ', 'ಷ' ಅಕ್ಷರಗಳ ಅಂಚೂ ಹೋಯಿತು. ಹಾರ್ಮೋನಿಯಂ ನೀರೊಳಗಿಂದ ಕೇಳಿಸಿದಂತಾಯಿತು. ಅವರು ಎರಡು ತಿಂಗಳು ಅಭ್ಯಾಸ ಮಾಡಿ ಹಾಡಿದ್ದರು. "ಮತ್ತೆ ಹಾಡಬೇಕಾಗುತ್ತದೆ ಮೇಡಂ" ಎಂದು ಹೇಳುವುದು ನನಗೆ ಬಹಳ ಕಷ್ಟವಾಯಿತು.

ಅದಕ್ಕೇ ಯಾರಾದರೂ ಫೋನ್ ಮಾಡಿ "ಕಡಿಮೆ ಬೆಲೆಯ ಯುಎಸ್‌ಬಿ ಮಿಕ್ಸರ್ ಯಾವುದು ತಗೊಳ್ಳಲಿ?" ಎಂದು ಕೇಳಿದರೆ ನಾನು ಮೊದಲು ಕೇಳುವುದು ಬಜೆಟ್ ಅಲ್ಲ. ಒಂದೇ ಸಲಕ್ಕೆ ಎಷ್ಟು ಜನ ಹಾಡುತ್ತೀರಿ, ನುಡಿಸುತ್ತೀರಿ? ಆಮೇಲೆ ಎರಡನೇ ಪ್ರಶ್ನೆ: ನೀವು ನೋಡಿರುವ ಮಿಕ್ಸರ್‌ನ ಯುಎಸ್‌ಬಿ ವೈರಿನಲ್ಲಿ ಎಷ್ಟು ಟ್ರ್ಯಾಕ್ ಬೇರೆಬೇರೆಯಾಗಿ ಹೋಗುತ್ತದೆ?

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿರುವ 8 ಚಾನೆಲ್, 12 ಚಾನೆಲ್ ಅನ್ನುವುದು ಮಿಕ್ಸರ್ ಒಳಗೆ ಬರುವ ಲೆಕ್ಕ. ಕಂಪ್ಯೂಟರಿಗೆ ಹೊರಡುವ ಲೆಕ್ಕ ಬೇರೆ. ಕಡಿಮೆ ಬೆಲೆಯ ಮಿಕ್ಸರ್‌ಗಳಲ್ಲಿ ಹೆಚ್ಚಿನವು ಎಲ್ಲವನ್ನೂ ಕಲಸಿ ಎಡ ಒಂದು, ಬಲ ಒಂದು, ಹೀಗೆ ಎರಡೇ ಟ್ರ್ಯಾಕ್ ಕಳಿಸುತ್ತವೆ. ಮಾಹಿತಿ ಪುಟದಲ್ಲಿ ಇದನ್ನು '2 ಇನ್, 2 ಔಟ್' ಅಥವಾ '2x2' ಎಂದು ಸಣ್ಣಗೆ ಬರೆದಿರುತ್ತಾರೆ. ಯಮಹಾ ಎಂಜಿ10ಎಕ್ಸ್‌ಯು ಒಳ್ಳೆಯ ಮಿಕ್ಸರ್. ನಾಲ್ಕು ಮೈಕ್ ಹಾಕಬಹುದು, ದನಿ ಸ್ವಚ್ಛ, ವರ್ಷಗಟ್ಟಲೆ ಬಾಳುತ್ತದೆ. ಆದರೆ ಕಂಪ್ಯೂಟರಿಗೆ ಹೋಗುವುದು ಎರಡೇ. ಸೌಂಡ್‌ಕ್ರಾಫ್ಟ್ ನೋಟ್‌ಪ್ಯಾಡ್ ಸರಣಿಯಲ್ಲಿ 5 ಮತ್ತು 8ಎಫ್‌ಎಕ್ಸ್ ಎರಡು ಕಳಿಸುತ್ತವೆ, 12ಎಫ್‌ಎಕ್ಸ್ ನಾಲ್ಕು ಕಳಿಸುತ್ತದೆ. ನೋಡಲು ಅಣ್ಣತಮ್ಮಂದಿರ ಹಾಗಿರುವ ಮಿಕ್ಸರ್‌ಗಳಲ್ಲೇ ಇಷ್ಟು ವ್ಯತ್ಯಾಸ.

ಇದಕ್ಕಿಂತ ಮೊದಲು ಇನ್ನೊಂದು ಮೋಸ ಹೋಗುವ ಜಾಗವಿದೆ. ನಮ್ಮ ಮಾರುಕಟ್ಟೆಯಲ್ಲಿ 'ಯುಎಸ್‌ಬಿ ಮಿಕ್ಸರ್' ಎಂದು ಮಾರುವ ಅಗ್ಗದ ಮಿಕ್ಸರ್‌ಗಳಲ್ಲಿ ಬಹಳಷ್ಟಕ್ಕೆ ಇರುವುದು ಪೆನ್‌ಡ್ರೈವ್ ಹಾಕಿ ಹಾಡು ಕೇಳಿಸುವ ಕಿಂಡಿ ಮಾತ್ರ. ಕಂಪ್ಯೂಟರಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಚಪ್ಪಟೆ ಕಿಂಡಿ ಇದ್ದರೆ ಅನುಮಾನಪಡಿ. ಪ್ರಿಂಟರ್ ಹಿಂದೆ ಇರುತ್ತದಲ್ಲ, ಚೌಕಾಕಾರದ ಕಿಂಡಿ, ಅಂಥದ್ದು ಅಥವಾ ಟೈಪ್-ಸಿ ಇದ್ದರೆ ಕಂಪ್ಯೂಟರಿಗೆ ಜೋಡಿಸುವಂಥದ್ದು ಎಂದು ಹೆಚ್ಚುಕಡಿಮೆ ನಂಬಬಹುದು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರಾದರೆ ಲ್ಯಾಪ್‌ಟಾಪನ್ನೇ ತೆಗೆದುಕೊಂಡು ಹೋಗಿ. ಅಲ್ಲೇ ಜೋಡಿಸಿ, ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಎಷ್ಟು ಇನ್‌ಪುಟ್ ಕಾಣುತ್ತವೆ ನೋಡಿ. ರೀಪರ್ ಎಂಬ ಸಾಫ್ಟ್‌ವೇರ್ 60 ದಿನ ದುಡ್ಡು ಕೊಡದೆ ಬಳಸಲು ಸಿಗುತ್ತದೆ. ಈ ಪರೀಕ್ಷೆಗೆ ಅಷ್ಟು ಸಾಕು.

ಈಗಾಗಲೇ ಎರಡು ಟ್ರ್ಯಾಕ್‌ನ ಮಿಕ್ಸರ್ ಮನೆಗೆ ತಂದವರು ಬೇಸರ ಪಡಬೇಡಿ. ಪ್ರತಿ ಮೋನೋ (ಒಂಟಿ ದನಿಯ) ಚಾನೆಲ್‌ನಲ್ಲೂ ದನಿಯನ್ನು ಎಡಕ್ಕೋ ಬಲಕ್ಕೋ ಸರಿಸುವ 'ಪ್ಯಾನ್' ಎಂಬ ನಾಬ್ ಇರುತ್ತದೆ. ಹಾಡಿನ ಮೈಕಿನ ನಾಬನ್ನು ಪೂರ್ತಿ ಎಡಕ್ಕೆ ತಿರುಗಿಸಿ. ತಬಲಾದ ಮೈಕಿನದನ್ನು ಪೂರ್ತಿ ಬಲಕ್ಕೆ. ಸಾಫ್ಟ್‌ವೇರ್‌ನಲ್ಲಿ ಸ್ಟೀರಿಯೋ ಟ್ರ್ಯಾಕ್ ಬದಲು ಎರಡು ಮೋನೋ ಟ್ರ್ಯಾಕ್ ಆರಿಸಿ, ಒಂದಕ್ಕೆ ಎಡ, ಇನ್ನೊಂದಕ್ಕೆ ಬಲ ಕೊಡಿ. ಈಗ ಎರಡೂ ಬೇರೆಬೇರೆ ಬರುತ್ತವೆ. ಹೆಡ್‌ಫೋನ್‌ನಲ್ಲಿ ಒಂದು ಕಿವಿಗೆ ಹಾಡು, ಇನ್ನೊಂದು ಕಿವಿಗೆ ತಬಲಾ ಕೇಳಿಸುತ್ತದೆ, ಎರಡು ಹಾಡಿನಲ್ಲಿ ಅಭ್ಯಾಸವಾಗಿಬಿಡುತ್ತದೆ. ಮಿಕ್ಸರ್‌ನ ರಿವರ್ಬ್ (ದೊಡ್ಡ ಹಾಲಿನಲ್ಲಿ ಹಾಡಿದಂಥ ಗುಂಗು) ಮಾತ್ರ ಪೂರ್ತಿ ಆಫ್ ಇರಲಿ. ಅದು ಎಡಕ್ಕೂ ಬಲಕ್ಕೂ ಹರಡಿ ಎರಡನ್ನೂ ಮತ್ತೆ ಕಲಸುತ್ತದೆ. ಹಾಗೆ ನೋಡಿದರೆ ರೆಕಾರ್ಡ್ ಮಾಡುವಾಗ ರಿವರ್ಬ್, ಎಕೋ ಯಾವುದನ್ನೂ ಹಾಕಬೇಡಿ. ಆಮೇಲೆ ಸೇರಿಸಬಹುದು, ಒಮ್ಮೆ ಸೇರಿದ್ದನ್ನು ತೆಗೆಯಲು ಬರುವುದಿಲ್ಲ. 'ನೂರು ಎಫೆಕ್ಟ್ ಇದೆ' ಎಂದು ಅಂಗಡಿಯವರು ಹೇಳಿದರೆ ಅದಕ್ಕಾಗಿ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ.

ಒಬ್ಬರೇ ಹಾಡಿ, ತಂಬೂರ ಮತ್ತು ವಾದ್ಯಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗುವವರಿಗೆ ಎರಡು ಟ್ರ್ಯಾಕ್ ಧಾರಾಳ ಸಾಕು. ಆದರೆ ಅಲ್ಲೊಂದು ತೊಡಕು ಬರುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೆ ಬರುವ ಫೋನ್‌ಗಳಲ್ಲಿ ಅತಿ ಹೆಚ್ಚು ಇದರ ಬಗ್ಗೆಯೇ. ಮೊದಲು ತಂಬೂರ ಮತ್ತು ತಬಲಾ ರೆಕಾರ್ಡ್ ಆಗಿದೆ ಅಂದುಕೊಳ್ಳಿ. ಈಗ ಅದನ್ನು ಕೇಳಿಸಿಕೊಳ್ಳುತ್ತಾ ಹಾಡಬೇಕು. ಕಂಪ್ಯೂಟರ್ ಆ ತಬಲಾವನ್ನು ಅದೇ ಯುಎಸ್‌ಬಿ ವೈರಿನಲ್ಲಿ ಮಿಕ್ಸರಿಗೆ ವಾಪಸ್ ಕಳಿಸುತ್ತದೆ. ಮಿಕ್ಸರ್ ಅದನ್ನು ಮುಖ್ಯ ಮಿಕ್ಸಿಗೆ ಸೇರಿಸುತ್ತದೆ. ಮುಖ್ಯ ಮಿಕ್ಸ್ ಮತ್ತೆ ಯುಎಸ್‌ಬಿಯಲ್ಲಿ ಕಂಪ್ಯೂಟರಿಗೆ ಹೋಗುತ್ತದೆ. ಹಾಗಾಗಿ ನೀವು ಹಾಡಿದ ಹೊಸ ಟ್ರ್ಯಾಕಿನಲ್ಲಿ ಹಳೆಯ ತಬಲಾವೂ ಕೂತಿರುತ್ತದೆ. ಸಾಫ್ಟ್‌ವೇರ್‌ನಲ್ಲಿ ಮಾನಿಟರಿಂಗ್, ಅಂದರೆ ಹಾಡುತ್ತಿರುವುದನ್ನು ಆಗಲೇ ವಾಪಸ್ ಕೇಳಿಸುವ ಸೌಲಭ್ಯ, ಕೂಡ ಆನ್ ಇದ್ದರೆ ದನಿ ಸುತ್ತು ಹೊಡೆದು ಕಿರುಚಲು ಶುರುವಾಗುತ್ತದೆ. ಜನ ಮಿಕ್ಸರ್ ಕೆಟ್ಟಿದೆ ಎಂದು ಅಂಗಡಿಗೆ ಹಿಂತಿರುಗಿಸುತ್ತಾರೆ. ಅದು ಕೆಟ್ಟಿರುವುದಿಲ್ಲ.

ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಬೇಕು. ಕಂಪ್ಯೂಟರಿನಿಂದ ಬಂದ ದನಿಯನ್ನು ಹೆಡ್‌ಫೋನಿಗೆ ಮಾತ್ರ ಕಳಿಸುವ ಸ್ವಿಚ್ ಇದೆಯೇ? ಕೆಲವು ಮಿಕ್ಸರ್‌ಗಳಲ್ಲಿ ಅದಕ್ಕೆ 'ಟು ಮಾನಿಟರ್', 'ಟು ಫೋನ್ಸ್' ಎಂಬಂಥ ಹೆಸರಿರುತ್ತದೆ. ಯಮಹಾ ಎಜಿ03ರಲ್ಲಿ ಮೂರು ಸ್ಥಾನಗಳ ಸ್ವಿಚ್ಚೇ ಇದೆ. ಡ್ರೈ ಇಟ್ಟರೆ ಮೊದಲ ಎರಡು ಚಾನೆಲ್ ಯಾವ ಎಫೆಕ್ಟ್ ಇಲ್ಲದೆ ಹೋಗುತ್ತವೆ. ಇನ್‌ಪುಟ್ ಮಿಕ್ಸ್ ಇಟ್ಟರೆ ನೀವು ಜೋಡಿಸಿದ್ದೆಲ್ಲ ಕಲೆತು ಹೋಗುತ್ತದೆ. ಲೂಪ್‌ಬ್ಯಾಕ್ ಇಟ್ಟರೆ ಕಂಪ್ಯೂಟರಿನ ದನಿಯೂ ಸೇರುತ್ತದೆ. ಲೈವ್ ಕಾರ್ಯಕ್ರಮ ಮಾಡುವವರಿಗೆ ಲೂಪ್‌ಬ್ಯಾಕ್ ಬೇಕು, ಹಾಡು ರೆಕಾರ್ಡ್ ಮಾಡುವವರಿಗೆ ಬೇಡ. ಎಜಿ03ರಲ್ಲಿ ಮೈಕ್ ಜಾಗ ಒಂದೇ ಎಂಬುದನ್ನೂ ನೆನಪಿಡಿ.

ಇಷ್ಟು ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಒಬ್ಬರು ಅಥವಾ ಇಬ್ಬರು ಮನೆಯಲ್ಲಿ ರೆಕಾರ್ಡ್ ಮಾಡುವುದಷ್ಟೇ ಕೆಲಸ ಅಂದರೆ ಮಿಕ್ಸರ್ ಬೇಡವೇ ಬೇಡ. ಅದೇ ದುಡ್ಡಿಗೆ ಎರಡು ಮೈಕ್ ಹಾಕಿ ದನಿಯನ್ನು ನೇರ ಕಂಪ್ಯೂಟರಿಗೆ ಕಳಿಸುವ ಆಡಿಯೋ ಇಂಟರ್‌ಫೇಸ್ ತಗೊಳ್ಳಿ. ನಾಲ್ಕು ಜನರ ತಂಡವಾದರೆ ಬೆಹ್ರಿಂಗರ್ ಯುಎಂಸಿ404ಎಚ್‌ಡಿಯಂಥ ನಾಲ್ಕು ಮೈಕಿನ ಇಂಟರ್‌ಫೇಸ್ ಇದೆ. ನಾಲ್ಕೂ ಬೇರೆಬೇರೆ ಟ್ರ್ಯಾಕ್ ಆಗಿ ಹೋಗುತ್ತವೆ. ಮಿಕ್ಸರ್ ಬೇಕಾಗುವುದು ಅದೇ ಪೆಟ್ಟಿಗೆ ಗಣೇಶನ ಹಬ್ಬದ ಪೆಂಡಾಲಿಗೂ, ದೇವಸ್ಥಾನದ ಭಜನೆಗೂ ಹೋಗಬೇಕಾದಾಗ. ತಾಳಮದ್ದಲೆಯಂಥದ್ದನ್ನು ಜಾಗದಲ್ಲೇ ರೆಕಾರ್ಡ್ ಮಾಡುವವರು ಸ್ವಲ್ಪ ದುಡ್ಡು ಕೂಡಿಸಿ ಜೂಮ್ ಎಲ್-8ರಂಥದ್ದನ್ನು ನೋಡಬಹುದು. ಅದು ಎಸ್‌ಡಿ ಕಾರ್ಡಿಗೇ ಬೇರೆಬೇರೆ ಟ್ರ್ಯಾಕ್ ಬರೆಯುತ್ತದೆ, ಲ್ಯಾಪ್‌ಟಾಪೇ ಬೇಡ. ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲೂ ಓಡುತ್ತದೆ, ಕರೆಂಟ್ ಹೋದರೆ ಭಾಗವತರು ನಿಲ್ಲಿಸಬೇಕಾಗಿಲ್ಲ.

ಕಂಡೆನ್ಸರ್ ಮೈಕ್ ಇದ್ದರೆ ಫ್ಯಾಂಟಮ್ ಪವರ್ ಬೇಕು. ಅಂದರೆ ಮಿಕ್ಸರ್ ಮೈಕಿನ ವೈರಿನಲ್ಲೇ 48 ವೋಲ್ಟ್ ಕಳಿಸಬೇಕು. 44ರಿಂದ 52 ವೋಲ್ಟ್‌ವರೆಗೆ ಇದ್ದರೂ ಸರಿಯೇ. ಹೆಸರಿಲ್ಲದ ಒಂದು ಮಿಕ್ಸರ್ ನನ್ನ ಮೇಜಿಗೆ ಬಂದಿತ್ತು. 48 ವೋಲ್ಟ್ ಎಂದು ಅಚ್ಚಾಗಿತ್ತು, ಕೆಂಪು ದೀಪವೂ ಹತ್ತುತ್ತಿತ್ತು. ಮಲ್ಟಿಮೀಟರ್ ಇಟ್ಟರೆ 20 ವೋಲ್ಟ್ ಕೂಡ ಇರಲಿಲ್ಲ. ಆ ಮನೆಯವರು ಮೈಕ್ ಸರಿ ಇಲ್ಲ ಎಂದುಕೊಂಡು ಎರಡು ಮೈಕ್ ಬದಲಾಯಿಸಿದ್ದರು. ಅಳೆಯುವುದು ಸುಲಭ. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಮೈಕ್) ಜಾಗದ 1ನೇ ಮತ್ತು 2ನೇ ಪಿನ್ ನಡುವೆ ಡಿಸಿ ವೋಲ್ಟ್ ನೋಡಿ, ಆಮೇಲೆ 1 ಮತ್ತು 3ರ ನಡುವೆ. ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಮೈಕ್ ಸಿಕ್ಕಿಸುವಾಗ, ತೆಗೆಯುವಾಗ ದನಿಮಟ್ಟ ಏರಿಸಿಳಿಸುವ ಫೇಡರ್ ಕೆಳಗಿರಲಿ, ಫ್ಯಾಂಟಮ್ ಆಫ್ ಇರಲಿ.

ಡೈನಾಮಿಕ್ ಮೈಕಿಗೆ ಫ್ಯಾಂಟಮ್ ಬೇಕಿಲ್ಲ, ಗೇನ್ ಬೇಕು, ಅಂದರೆ ಮೈಕಿನ ಸಣ್ಣ ದನಿಯನ್ನು ಮಿಕ್ಸರ್ ಹಿಗ್ಗಿಸಬೇಕು. ಪಾಡ್‌ಕಾಸ್ಟ್‌ನವರ ಮುಂದೆ ಕಾಣುವ ಶೂರ್ ಎಸ್‌ಎಂ7ಬಿ ಮೈಕಿಗೆ ಕನಿಷ್ಠ 60 ಡೆಸಿಬೆಲ್ ಗೇನ್ ಬೇಕೆಂದು ಕಂಪನಿಯೇ ಹೇಳುತ್ತದೆ. ಅಗ್ಗದ ಮಿಕ್ಸರ್‌ಗಳಲ್ಲಿ ಗೇನ್ ನಾಬನ್ನು ಕೊನೆಯವರೆಗೆ ತಿರುಗಿಸಿದರೆ ಮಳೆ ಸುರಿದಂಥ 'ಶ್' ಸದ್ದು ಏಳುತ್ತದೆ. ಅಂಗಡಿಯಲ್ಲಿ ನಿಮ್ಮದೇ ಮೈಕ್, ನಿಮ್ಮದೇ ಹೆಡ್‌ಫೋನ್ ಹಾಕಿ, ನೀವು ಹಾಡುವ ದೂರದಿಂದ ಹಾಡಿ, ಮಟ್ಟ ಸರಿ ಬರುವ ತನಕ ಗೇನ್ ಏರಿಸಿ. ಆಮೇಲೆ ಸುಮ್ನೆ ನಿಂತು ಆ 'ಶ್' ಕೇಳಿ. ಇದೊಂದು ಪರೀಕ್ಷೆ ಎಲ್ಲ ಅಂಕಿಅಂಶಕ್ಕಿಂತ ಜಾಸ್ತಿ ಹೇಳುತ್ತದೆ. ರೆಕಾರ್ಡ್ ಮಾಡುವಾಗ ತಾರಸ್ಥಾಯಿಯಲ್ಲಿ ಹಾಡಿದರೂ ಮೀಟರ್ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲಲಿ. ದನಿಯನ್ನು ಎಷ್ಟು ಸೂಕ್ಷ್ಮವಾಗಿ ದಾಖಲಿಸುತ್ತದೆ ಎಂಬ ಲೆಕ್ಕ 24 ಬಿಟ್ ಇದ್ದರೆ ಅಷ್ಟು ಕೆಳಗಿಟ್ಟರೂ ಏನೂ ನಷ್ಟವಿಲ್ಲ. 16 ಬಿಟ್‌ನ ಹಳೆಯ ಮಿಕ್ಸರ್ ಆದರೆ ಸ್ವಲ್ಪ ಮೇಲೆ ಇರಲಿ. ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತದೆ ಎಂಬ ಲೆಕ್ಕ 48 ಕಿಲೋಹರ್ಟ್ಸ್ ಸಾಕು. 192ರ ಆಸೆಗೆ ದುಡ್ಡು ಸುರಿಯಬೇಡಿ.

ಫ್ಯಾನಿನ ಗುಂಯ್‌ಗುಡುವಿಕೆ ಕಡಿಮೆ ಮಾಡಲು ತಗ್ಗಿನ ದನಿಯನ್ನು ಕತ್ತರಿಸುವ 'ಲೋ ಕಟ್' ಅಥವಾ 'ಎಚ್‌ಪಿಎಫ್' ಗುಂಡಿ ಒತ್ತುತ್ತಾರೆ. ಹಾಡಿನ ಮೈಕಿಗೆ ಅದು ಒಳ್ಳೆಯದು. ತಬಲಾದ ಡಗ್ಗಾಕ್ಕೆ, ಮೃದಂಗದ ಎಡಭಾಗಕ್ಕೆ ಬೇಡ. ಅವುಗಳ ಗುಮ್ಕಿ, ಅಂದರೆ ಗುಂ ಎನ್ನುವ ನಾದ, ಇರುವುದೇ ಆ ಕೆಳಗಿನ ದನಿಯಲ್ಲಿ.

ನಮ್ಮ ಮನೆಗಳ ದೊಡ್ಡ ತಲೆನೋವು ಹಮ್, ಅಂದರೆ ದನಿಯ ಹಿಂದೆ ಸದಾ ಕೇಳಿಸುವ ಗುಂ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ತೆಗೆದ ತಕ್ಷಣ ಸದ್ದು ನಿಂತರೆ ಮಿಕ್ಸರ್‌ನದು ತಪ್ಪಿಲ್ಲ, ಕರೆಂಟಿನ ದಾರಿಯದು. ಬ್ಯಾಟರಿಯಲ್ಲಿ ಓಡಿಸಿ ರೆಕಾರ್ಡ್ ಮಾಡಿ, ಅಥವಾ ಲ್ಯಾಪ್‌ಟಾಪ್, ಮಿಕ್ಸರ್, ಸ್ಪೀಕರ್ ಮೂರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಅರ್ಥಿಂಗ್ ಪಿನ್ ಮುರಿದು ಹಮ್ ನಿಲ್ಲಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಬಾಯಿ ಹತ್ತಿರ ಲೋಹದ ಮೈಕ್ ಇಟ್ಟುಕೊಂಡು ಹಾಡುವವರಿಗೆ ಅದು ಪ್ರಾಣಾಪಾಯ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಮಿಕ್ಸರಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ಅದಕ್ಕೇ ಎತ್ತಿಡಿ.

ಆ ಶಿಕ್ಷಕಿ ಹೊಸ ಮಿಕ್ಸರ್ ಕೊಳ್ಳಲಿಲ್ಲ. ಇದ್ದದ್ದರಲ್ಲೇ ಮೊದಲು ತಬಲಾ ಮತ್ತು ಹಾರ್ಮೋನಿಯಂ ಬಲಕ್ಕೊಂದು ಎಡಕ್ಕೊಂದು ಮಾಡಿ ರೆಕಾರ್ಡ್ ಮಾಡಿದರು. ಹುಡುಗನಿಗೆ ಲಯ ಸಿಗಲಿ ಎಂದು ಮೇಡಂ ಪಕ್ಕದ ಕೋಣೆಯ ಬಾಗಿಲಲ್ಲಿ ನಿಂತು ಮೆಲ್ಲಗೆ ಹಾಡಿಕೊಂಡರಂತೆ. ಮಾರನೇ ದಿನ ಹೆಡ್‌ಫೋನ್ ಹಾಕಿ ಹಾಡು ಸೇರಿಸಿದರು. ಅವರ ಮಿಕ್ಸರಿನಲ್ಲಿ ಹೆಡ್‌ಫೋನ್ ಸ್ವಿಚ್ ಇರಲಿಲ್ಲ. ಹಾಗಾಗಿ ಹೆಡ್‌ಫೋನನ್ನು ಲ್ಯಾಪ್‌ಟಾಪಿಗೇ ಸಿಕ್ಕಿಸಿ, ಒಂದು ಕಿವಿ ಮುಚ್ಚಿ ಇನ್ನೊಂದು ಕಿವಿಯಲ್ಲಿ ತಮ್ಮ ದನಿ ಕೇಳಿಕೊಳ್ಳುತ್ತಾ ಹಾಡಿದರು. ಗೋಡೆಗೆ ಎರಡು ಕಂಬಳಿ ತೂಗುಹಾಕಿದ್ದರು. ಫೈಲ್ ಬಂದಾಗ ತಬಲಾ ತಗ್ಗಿಸಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಸೆಕೆಂಡ್ ಹ್ಯಾಂಡ್ ಮಿಕ್ಸರ್ ನೋಡುವವರಿಗೆ ಇನ್ನೊಂದು ಮಾತು. ಪ್ರತಿ ನಾಬ್, ಫೇಡರ್ ತಿರುಗಿಸಿ ಕರಕರ ಸದ್ದು ಬರುತ್ತದೆಯೇ ಕೇಳಿ, ಎಲ್ಲ ಮೈಕ್ ಜಾಗಗಳನ್ನೂ ಒಂದೊಂದಾಗಿ ಪರೀಕ್ಷಿಸಿ. ಜೊತೆಗೆ ಅಡಾಪ್ಟರ್ ಕೇಳಿ ಪಡೆಯಿರಿ. ಹಲವು ಸಣ್ಣ ಮಿಕ್ಸರ್‌ಗಳ ಅಡಾಪ್ಟರ್‌ನಲ್ಲಿ ಮಿಕ್ಸರಿಗೆ ಸಿಕ್ಕಿಸುವ ತುದಿ ಮೂರು ಪಿನ್ನಿನದು, ಡಿಸಿ ಅಲ್ಲ, ಎಸಿ ಕೊಡುವಂಥದ್ದು. ರೂಟರ್‌ನದ್ದೋ ಕೀಬೋರ್ಡಿನದ್ದೋ ಅದಕ್ಕೆ ಹೊಂದುವುದಿಲ್ಲ, ಬಿಡಿಯಾಗಿ ಹುಡುಕಲು ಹೋದರೆ ವಾರಗಟ್ಟಲೆ ಅಲೆಯಬೇಕು.