ಲ್ಯಾಪ್‌ಟಾಪಿನ ಸಾಮಾನು ಡೆಸ್ಕ್‌ಟಾಪಿಗೆ ಬರ್ತೈತೇನ್ರೀ?

ಡಿಸ್‌ಪ್ಲೇ ಒಡೆದ ಲ್ಯಾಪ್‌ಟಾಪ್ ಹಿಡಿದು ಬಾಗಲಕೋಟೆಯ ನವನಗರದಲ್ಲೋ ವಿಜಯಪುರದ ಗಾಂಧಿ ಚೌಕದ ಆಸುಪಾಸಿನಲ್ಲೋ ರಿಪೇರಿ ಅಂಗಡಿಗೆ ಹೋದವರು ಕೇಳುವ ಮಾತೊಂದಿದೆ: “ಇದರಾಗಿನ ಸಾಮಾನು ತಗದು ಮನ್ಯಾಗಿನ ಡೆಸ್ಕ್‌ಟಾಪಿಗೆ ಹಾಕಾಕ ಬರ್ತೈತೇನ್ರೀ?” ಡೇಟಾ ಇರುವ ಡ್ರೈವ್ ಬರುತ್ತದೆ. ಉಳಿದದ್ದು ಬಹುಮಟ್ಟಿಗೆ ಬರುವುದಿಲ್ಲ.

ಎರಡೂವರೆ ಇಂಚಿನ ಸಾಟಾ (ಡ್ರೈವನ್ನು ಬೋರ್ಡಿಗೆ ಜೋಡಿಸುವ ಒಂದು ಬಗೆ) ಡ್ರೈವ್, ಹಾರ್ಡ್ ಡಿಸ್ಕ್ ಇರಲಿ ಎಸ್‌ಎಸ್‌ಡಿ ಇರಲಿ, ಡೆಸ್ಕ್‌ಟಾಪಿಗೆ ನೇರವಾಗಿ ಹತ್ತುತ್ತದೆ. ಡೇಟಾಕ್ಕೆ 7 ಪಿನ್, ಕರೆಂಟಿಗೆ 15 ಪಿನ್, ಎರಡೂ ಕಡೆ ಅದೇ. ಸ್ಕ್ರೂ ಮಾತ್ರ ಬೇರೆ. ಇದಕ್ಕೆ ಬೇಕಾದದ್ದು ಸಣ್ಣ ಎಳೆಯ ಎಂ3 ಸ್ಕ್ರೂ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿನ ದಪ್ಪ ಎಳೆಯ ಸ್ಕ್ರೂ ಹಾಕಿ ತಿರುವಿದರೆ ಎಳೆ ಕಿತ್ತುಹೋಗುತ್ತದೆ. ಉಲ್ಟಾ ಮಾಡಹೋದರೆ ನಡೆಯದು. ಡೆಸ್ಕ್‌ಟಾಪಿನ ಮೂರೂವರೆ ಇಂಚಿನ ಡಿಸ್ಕು ಲ್ಯಾಪ್‌ಟಾಪಿನಲ್ಲಿ ಹಿಡಿಸುವುದಿಲ್ಲ ಅನ್ನುವುದು ಹಾಗಿರಲಿ, ಅದರ ಮೋಟಾರಿಗೆ 12 ವೋಲ್ಟ್ ಬೇಕು. ಲ್ಯಾಪ್‌ಟಾಪಿನ ಡ್ರೈವ್ ನಡೆಯುವುದೇ 5 ವೋಲ್ಟಿನ ಮೇಲೆ. ಸಾದಾ ಯುಎಸ್‌ಬಿ ಕೇಬಲ್ಲಿಗೆ ಸಿಕ್ಕಿಸಿದ ದೊಡ್ಡ ಡಿಸ್ಕು ತಿರುಗದೆ ಸುಮ್ಮನಿರುವುದೂ ಇದಕ್ಕೇ.

ಈಚಿನ ಲ್ಯಾಪ್‌ಟಾಪುಗಳಲ್ಲಿ ಇರುವುದು ಎಂ.2 ಎಸ್‌ಎಸ್‌ಡಿ: 22 ಮಿ.ಮೀ. ಅಗಲ, ಸಾಮಾನ್ಯವಾಗಿ 80 ಮಿ.ಮೀ. ಉದ್ದದ ತೆಳು ಪಟ್ಟಿ. ಚಿನ್ನದ ಬಣ್ಣದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಒಂದೇ ಕಚ್ಚು ಇದ್ದರೆ ಹೆಚ್ಚಾಗಿ ಎನ್‌ವಿಎಂಇ (ಸಾಟಾಕ್ಕಿಂತ ವೇಗದ ಬಗೆ), ಎರಡು ಕಚ್ಚಿದ್ದರೆ ಹೆಚ್ಚಾಗಿ ಸಾಟಾ. ಅನುಮಾನವಿದ್ದರೆ ಮೇಲಿನ ಚೀಟಿ ಓದಿ. ಎನ್‌ವಿಎಂಇ ಮಾತ್ರ ಒಪ್ಪುವ ಸ್ಲಾಟಿಗೆ ಸಾಟಾ ಎಂ.2 ಸರಾಗವಾಗಿ ಕೂತುಬಿಡುತ್ತದೆ, ಬಯೋಸಿನಲ್ಲಿ (ಕಂಪ್ಯೂಟರ್ ಶುರುವಾಗುವಾಗಿನ ಸೆಟ್ಟಿಂಗ್ ಪರದೆ) ಮಾತ್ರ ಕಾಣಿಸುವುದಿಲ್ಲ. ಡ್ರೈವ್ ಸತ್ತಿದೆ ಎಂದು ಬದಿಗಿಡುವುದು ಆಗಲೇ. ಡೆಸ್ಕ್‌ಟಾಪಿನದನ್ನು ಲ್ಯಾಪ್‌ಟಾಪಿಗೆ ಹಾಕುವಾಗ ಬೆನ್ನಿನ ಹೀಟ್‌ಸಿಂಕ್ (ಬಿಸಿ ಇಳಿಸುವ ಲೋಹದ ತುಂಡು) ಬಿಚ್ಚಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ 42 ಅಥವಾ 30 ಮಿ.ಮೀ.ಗಷ್ಟೇ ಜಾಗ, ಅದನ್ನೂ ಅಳೆದುಕೊಳ್ಳಿ.

ನಿಜವಾದ ಪೆಟ್ಟು ಬೀಳುವುದು ಡ್ರೈವ್ ಕೂತ ಮೇಲೆ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಡ್ರೈವಿಗೆ ವಿಂಡೋಸಿನ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ. ಅದನ್ನು ತೆರೆಯುವ ವ್ಯವಸ್ಥೆ ಹಳೆ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ಜೊತೆ ಗಂಟುಬಿದ್ದಿದೆ. ಬೀಗ ಹೊಸ ಮನೆಗೆ ಬಂತು, ಕೀಲಿಕೈ ಹಳೆ ಮನೆಯಲ್ಲೇ ಉಳಿಯಿತು. ಆಗ ಅದು ಕೇಳುವುದು 48 ಅಂಕಿಯ ರಿಕವರಿ ಕೀ. ಡ್ರೈವ್ ಬಿಚ್ಚುವ ಮೊದಲೇ ಅಕೌಂಟಿನಲ್ಲಿ ನೋಡಿ ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಬಿಚ್ಚುವಾಗಲೂ ಮೊದಲು ಅಡಾಪ್ಟರ್ ತೆಗೆದು, ಆಮೇಲೆ ಬ್ಯಾಟರಿ ಕನೆಕ್ಟರ್ ಕಿತ್ತು, ಪವರ್ ಬಟನ್ ಹದಿನೈದು ಸೆಕೆಂಡ್ ಒತ್ತಿ ಹಿಡಿದೇ ಮುಂದಿನ ಕೆಲಸ. ವಿಜಯಪುರದ ಬೇಸಿಗೆಯ ಒಣ ಹವೆಯಲ್ಲಿ ಮೈಮೇಲಿನ ಸ್ಥಿರವಿದ್ಯುತ್ತು ಬೇಗ ಇಳಿಯುವುದಿಲ್ಲ. ಪಾಲಿಯೆಸ್ಟರ್ ಅಂಗಿಯಲ್ಲಿ ಕೂತು ಚಿಪ್ ಮುಟ್ಟಬೇಡಿ.

ರ‍್ಯಾಮ್ ವಿಷಯಕ್ಕೆ ಬಂದರೆ ಹೆಸರೊಂದೇ, ಮೈಕಟ್ಟು ಬೇರೆ. ಡೆಸ್ಕ್‌ಟಾಪಿನದು ಸುಮಾರು 133 ಮಿ.ಮೀ. ಉದ್ದ, ಲ್ಯಾಪ್‌ಟಾಪಿನದು ಅದರ ಅರ್ಧ. ಡಿಡಿಆರ್4 ಪೀಳಿಗೆಯ ರ‍್ಯಾಮಿನಲ್ಲಿ ಅಲ್ಲಿ 288 ಪಿನ್, ಇಲ್ಲಿ 260. ಕನ್ವರ್ಟರ್ ಕಾರ್ಡ್ ಮಾರುತ್ತಾರೆ, ಆದರೆ ಆ ವೇಗದ ಸಿಗ್ನಲ್ಲಿಗೆ ಒಂದು ಹೆಚ್ಚುವರಿ ಜೋಡಣೆಯೂ ತ್ರಾಸವೇ; ಅದಕ್ಕೆ ಹಾಕುವ ರೊಕ್ಕದ ಜೊತೆ ಇನ್ನಷ್ಟು ಸೇರಿಸಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ರ‍್ಯಾಮ್ ಕೊಳ್ಳುವುದೇ ವಾಸಿ. ಲ್ಯಾಪ್‌ಟಾಪಿನ ರ‍್ಯಾಮಿಗೆ ಜಾಗವಿರುವುದು ಅದೇ ಪೀಳಿಗೆಯ ಇನ್ನೊಂದು ಲ್ಯಾಪ್‌ಟಾಪಿನಲ್ಲಿ, ಇಲ್ಲವೇ ಮಿನಿ ಪಿಸಿಯಲ್ಲಿ. ಹಿಂದಿನ ಪೀಳಿಗೆಯ ಡಿಡಿಆರ್3 ಆದರೆ ವೋಲ್ಟೇಜೂ ನೋಡಬೇಕು: 1.35 ವೋಲ್ಟ್ ಮಾತ್ರ ಕೊಡುವ ಬೋರ್ಡಿಗೆ 1.5 ವೋಲ್ಟಿನದು ಹಾಕಿದರೆ ಪರದೆ ಕಪ್ಪಗೇ ಉಳಿಯುತ್ತದೆ.

ಪ್ರೊಸೆಸರ್ ಆಸೆ ಬಿಡಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಗ್ರಾಫಿಕ್ಸ್ ಚಿಪ್ಪನ್ನೂ ಹಾಗೆಯೇ. ಕೀಬೋರ್ಡು ರಿಬ್ಬನ್ ಕೇಬಲ್ಲಿನದು, ಯುಎಸ್‌ಬಿಗೆ ಹೊಂದದು. ವೈಫೈ ಕಾರ್ಡು ಚಿಕ್ಕದಾದರೂ ಮೋಸ ಮಾಡುತ್ತದೆ: ಇಂಟೆಲ್‌ನ ಎಎಕ್ಸ್210 ಬೇರೆ ಬೋರ್ಡುಗಳಲ್ಲೂ ನಡೆಯುತ್ತದೆ, ಎಎಕ್ಸ್211 ಇಂಟೆಲ್‌ನ ಹೊಂದುವ ಬೋರ್ಡು ಬಿಟ್ಟರೆ ಎಲ್ಲಿಯೂ ಏಳುವುದಿಲ್ಲ.

ಅಂದಹಾಗೆ, ಒಡೆದದ್ದು ಡಿಸ್‌ಪ್ಲೇ ಒಂದೇ ಆಗಿದ್ದರೆ ಲ್ಯಾಪ್‌ಟಾಪ್ ಬಿಚ್ಚುವ ಗೋಜೇ ಬೇಡ. ಎಚ್‌ಡಿಎಂಐ ಕೇಬಲ್ಲಿನಿಂದ ಆ ಡೆಸ್ಕ್‌ಟಾಪಿನ ಮಾನಿಟರಿಗೆ ಜೋಡಿಸಿ, ಚಿತ್ರ ಬರದಿದ್ದರೆ ವಿಂಡೋಸ್ ಗುಂಡಿಯೊಂದಿಗೆ ಪಿ ಒತ್ತಿ ನೋಡಿ. ಮಾನಿಟರ್ ಹಳೆಯದು, ವಿಜಿಎ ಒಂದೇ ಇದೆ ಅಂದರೆ ಬರೀ ಕೇಬಲ್ ಸಾಲದು, ಒಳಗೆ ಚಿಪ್ ಇರುವ ಕನ್ವರ್ಟರನ್ನೇ ಕೇಳಿ ತನ್ನಿ.