ಹದಿನೆಂಟು ತುಂಬಿದ ಮೇಲೆ ಸಹಿ ಯಾರದ್ದು?

ಬೌದ್ಧಿಕ ವಿಕಲತೆ ಇರುವ ಮಗನೋ ಮಗಳೋ ಇರುವ ಯಾವ ಮನೆಗೆ ಹೋದರೂ, ಮಾತು ಸ್ವಲ್ಪ ಹೊತ್ತು ಸಾಗಿದ ಮೇಲೆ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. "ನಾವಿರೋವರೆಗೂ ಸರಿ. ನಾವು ಹೋದ ಮೇಲೆ ಇವನನ್ನ ಯಾರು ನೋಡ್ಕೊಳ್ತಾರೆ?" ಡೌನ್ ಸಿಂಡ್ರೋಮ್ ಇರಲಿ, ಆಟಿಸಂ ಇರಲಿ, ಸೆರೆಬ್ರಲ್ ಪಾಲ್ಸಿ ಇರಲಿ, ಅಪ್ಪ-ಅಮ್ಮನ ನಿದ್ದೆ ಕೆಡಿಸುವುದು ಇದೇ. ಭಾರತದಲ್ಲಿ ಇವರಿಗಾಗಿಯೇ ಒಂದು ಕಾನೂನು ಬಂದದ್ದೂ ಈ ಪ್ರಶ್ನೆಯಿಂದಲೇ. ಕೇಳಿದವರು ತಂದೆ-ತಾಯಿ, ಉತ್ತರ ಕೊಟ್ಟದ್ದು ಸರ್ಕಾರ. ಯಾರ ಬದುಕಿನ ಬಗ್ಗೆ ಇಷ್ಟೆಲ್ಲ ಮಾತುಕತೆ ನಡೆಯಿತೋ ಅವರಿಗೆ ಏನು ಬೇಕು ಅಂತ ಕೇಳಿದವರು ಕಡಿಮೆ. ಇವರ ಪರವಾಗಿ ಬೇರೆಯವರು ತೀರ್ಮಾನಿಸಬಹುದೇ ಎಂಬ ಇವತ್ತಿನ ಜಗಳದ ಬೇರು ಅಲ್ಲಿದೆ.

ಸ್ವಲ್ಪ ಹಿಂದಿನಿಂದ ನೋಡೋಣ. 1872ರ ಕರಾರು ಕಾಯ್ದೆಯ ಪ್ರಕಾರ, ಒಪ್ಪಂದ ಮಾಡಿಕೊಳ್ಳುವವರ ಬುದ್ಧಿ ಸ್ವಸ್ಥವಾಗಿರಬೇಕು. 1912ರ ಲೂನಸಿ ಕಾಯ್ದೆ ಮಾನಸಿಕ ಕಾಯಿಲೆ ಇದ್ದವರನ್ನೂ ಬೌದ್ಧಿಕ ವಿಕಲತೆ ಇದ್ದವರನ್ನೂ ಒಂದೇ ಪಟ್ಟಿಗೆ ಸೇರಿಸಿತ್ತು. ಅದರ ಜಾಗಕ್ಕೆ 1987ರ ಮಾನಸಿಕ ಆರೋಗ್ಯ ಕಾಯ್ದೆ ಬಂದಾಗ ಬೌದ್ಧಿಕ ವಿಕಲತೆಯನ್ನು ಹೊರಗಿಟ್ಟರು. ಕಾಯಿಲೆ ಬೇರೆ, ವಿಕಲತೆ ಬೇರೆ. ಹಾಗಾಗಿ ಮಾಡಿದ್ದು ಸರಿಯೇ. ಆದರೆ ವಯಸ್ಕರಿಗೆ ಪೋಷಕರನ್ನು (ಗಾರ್ಡಿಯನ್, ಅಂದರೆ ಅವರ ಪರವಾಗಿ ಕಾನೂನಿನ ಪ್ರಕಾರ ತೀರ್ಮಾನಿಸುವವರು) ನೇಮಿಸಲು ಇದ್ದ ದಾರಿಯೂ ಅದರ ಜೊತೆಗೇ ಮುಚ್ಚಿಹೋಯಿತು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಇತ್ತಲ್ಲ ಎಂದರೆ, ಅದು ಚಿಕ್ಕ ವಯಸ್ಸಿನವರಿಗೆ ಮಾತ್ರ.

ಇದರ ಬಿಸಿ ತಟ್ಟಿದ್ದು ಬ್ಯಾಂಕಿನ ಕೌಂಟರಿನಲ್ಲಿ. ಮಗನಿಗೆ ಹದಿನೇಳು ಇರುವವರೆಗೆ ಅಪ್ಪನ ಸಹಿ ನಡೆಯುತ್ತದೆ. ಹದಿನೆಂಟು ತುಂಬಿದ ಮರುದಿನ ಅವನು ಕಾನೂನಿನ ಲೆಕ್ಕದಲ್ಲಿ ದೊಡ್ಡವನು. ಅಪ್ಪನ ಸಹಿ ನಡೆಯುವುದಿಲ್ಲ. ಮಗನಿಗೆ ಸಹಿ ಹಾಕಲು ಬರುವುದಿಲ್ಲ, ಬಂದರೂ ಬ್ಯಾಂಕಿನವರು ಒಪ್ಪುವುದಿಲ್ಲ. ಅಜ್ಜ ಬರೆದಿಟ್ಟ ಜಮೀನು, ಹೆಸರಿನಲ್ಲಿಟ್ಟ ಠೇವಣಿ ಎಲ್ಲ ಇದ್ದಲ್ಲೇ ಇರುತ್ತವೆ.

1990ರ ದಶಕದಲ್ಲಿ ಇಂಥ ತಂದೆ-ತಾಯಂದಿರು ಊರೂರುಗಳಲ್ಲಿ ಸಂಘ ಕಟ್ಟಿಕೊಂಡರು. ಅವೆಲ್ಲ ಸೇರಿ ದಶಕದ ಮಧ್ಯದ ಹೊತ್ತಿಗೆ 'ಪರಿವಾರ್' ಎಂಬ ರಾಷ್ಟ್ರೀಯ ಒಕ್ಕೂಟವಾಯಿತು. ಬೆಂಗಳೂರಿನ ತಂದೆ-ತಾಯಂದಿರೂ ಅದರಲ್ಲಿ ಮುಂದಿದ್ದರು. 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವಿಕಲತೆಗಳನ್ನು ಗುರುತಿಸಿತು, ಆದರೆ ಆಟಿಸಂ ಅದರಲ್ಲಿ ಇರಲೇ ಇಲ್ಲ. ಪೋಷಕರ ನೇಮಕದ ಪ್ರಶ್ನೆಯೂ ಹಾಗೇ ಉಳಿಯಿತು. ಕೊನೆಗೆ 1999ರ ಡಿಸೆಂಬರಿನಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ, ಈ ನಾಲ್ಕಕ್ಕೆ. ಕೇಂದ್ರ ಸರ್ಕಾರ 100 ಕೋಟಿ ರೂಪಾಯಿಯ ಮೂಲನಿಧಿ ಕೊಟ್ಟಿತು. ಮುಂದೆ 1 ಲಕ್ಷ ರೂಪಾಯಿವರೆಗಿನ 'ನಿರಾಮಯ' ಆರೋಗ್ಯ ವಿಮೆ ಬಂದದ್ದೂ ಈ ಟ್ರಸ್ಟಿನ ಮೂಲಕವೇ. ಎಷ್ಟೋ ಮನೆಗಳಿಗೆ ಇದು ದೊಡ್ಡ ಆಸರೆ. ಅದನ್ನು ಮರೆತು ಟೀಕಿಸುವುದು ಸುಲಭ.

ಪೋಷಕರ ನೇಮಕಕ್ಕೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರುತ್ತದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ವಿಕಲತೆ ಇರುವ ಒಬ್ಬರು, ಒಟ್ಟು ಮೂವರು. ಪೋಷಕರಾದವರು ಆರು ತಿಂಗಳೊಳಗೆ ಆಸ್ತಿಪಟ್ಟಿ ಕೊಡಬೇಕು, ವರ್ಷವರ್ಷ ಲೆಕ್ಕ ಒಪ್ಪಿಸಬೇಕು. ಕಿರುಕುಳ ಕೊಟ್ಟರೆ, ಕೈಬಿಟ್ಟರೆ ಅವರನ್ನು ತೆಗೆದುಹಾಕಲೂಬಹುದು. ಎಲ್ಲ ಅಚ್ಚುಕಟ್ಟು. ಆದರೆ ಆ ಮೂರನೆಯ ಕುರ್ಚಿಯನ್ನು ಗಮನಿಸಿ. 1995ರ ಕಾಯ್ದೆಯ ಪಟ್ಟಿಯಲ್ಲಿರುವ ಯಾವ ವಿಕಲತೆ ಇದ್ದವರೂ ಅಲ್ಲಿ ಕೂರಬಹುದು. ಗಾಲಿಕುರ್ಚಿ ಬಳಸುವ ಒಬ್ಬ ವಕೀಲರು ಬಂದು ಕೂತರೂ ನಿಯಮ ಪಾಲನೆಯಾದಂತೆಯೇ. ಬೌದ್ಧಿಕ ವಿಕಲತೆ ಇರುವವರೊಬ್ಬರು ಕೂರಲೇಬೇಕು ಅಂತೇನಿಲ್ಲ.

ಅದೇ 1999ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಬೇರೆಯೇ ದಿಕ್ಕಿನ ತೀರ್ಪು ಕೊಟ್ಟಿತ್ತು. ಜಾರ್ಜಿಯಾ ರಾಜ್ಯದ ಲೋಯಿಸ್ ಕರ್ಟಿಸ್, ಇಲೇನ್ ವಿಲ್ಸನ್ ಎಂಬ, ಬೌದ್ಧಿಕ ವಿಕಲತೆ ಇದ್ದ ಇಬ್ಬರು ಮಹಿಳೆಯರು ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದರು. ಹೊರಗೆ, ಜನರ ನಡುವೆ ಇರಬಹುದು ಎಂದು ವೈದ್ಯರೇ ಹೇಳಿದ್ದರೂ ಬಿಡುಗಡೆ ಆಗಿರಲಿಲ್ಲ. ಲೋಯಿಸ್ ಕಾನೂನು ನೆರವು ಕೇಂದ್ರದ ವಕೀಲೆಗೆ ಮತ್ತೆ ಮತ್ತೆ ಫೋನು ಮಾಡುತ್ತಿದ್ದರು. ಕೇಳುತ್ತಿದ್ದುದು ಒಂದೇ: ನನ್ನನ್ನು ಇಲ್ಲಿಂದ ಹೊರಗೆ ಯಾವಾಗ ಕರೆದುಕೊಂಡು ಹೋಗುತ್ತೀರಿ? ಅಗತ್ಯವಿಲ್ಲದೆ ಯಾರನ್ನಾದರೂ ಸಂಸ್ಥೆಯೊಳಗೆ ಕೂಡಿಡುವುದು ತಾರತಮ್ಯ ಎಂದು ಕೋರ್ಟು ಹೇಳಿತು. ಆಮೇಲೆ ಲೋಯಿಸ್ ಚಿತ್ರ ಬರೆಯುತ್ತ ಬದುಕಿದರು. 2011ರಲ್ಲಿ ಶ್ವೇತಭವನಕ್ಕೆ ಹೋಗಿ ತಾವು ಬರೆದ ಚಿತ್ರವೊಂದನ್ನು ಅಧ್ಯಕ್ಷ ಒಬಾಮಾ ಅವರಿಗೆ ಕೊಟ್ಟರು.

ಇಂಥದೊಂದು ತೀರ್ಪು ಅಲ್ಲಿ ಬರುವ ಮುಂಚೆ ತುಂಬಾ ಆಗಿಹೋಗಿತ್ತು. ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ 4,000 ಜನರಿಗೆ ಕಟ್ಟಿದ ಕಟ್ಟಡಗಳಲ್ಲಿ 6,000 ಜನರನ್ನು ತುಂಬಿದ್ದರು. 1972ರಲ್ಲಿ ಟಿ.ವಿ. ಕ್ಯಾಮೆರಾ ಒಳಗೆ ಹೋಗಿ ಬರಿಮೈಯಲ್ಲಿ ಹೊಲಸಿನ ನಡುವೆ ಕೂತ ಮಕ್ಕಳನ್ನು ತೋರಿಸಿದಾಗ ದೇಶವೇ ಬೆಚ್ಚಿಬಿತ್ತು. 1987ರಲ್ಲಿ ಅದಕ್ಕೆ ಬೀಗ ಬಿತ್ತು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೆರಡು ಸಭೆಗಳು. 1970ರಲ್ಲಿ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಬೌದ್ಧಿಕ ವಿಕಲತೆ ಇರುವ ಯುವಜನರೇ ಸೇರಿ ತಮ್ಮ ಬೇಡಿಕೆ ಚರ್ಚಿಸಿದರು. 1974ರಲ್ಲಿ ಅಮೆರಿಕದ ಆರೆಗನ್ ರಾಜ್ಯದ ಸೇಲಂನಲ್ಲಿ ಇಂಥವರದೇ ಗುಂಪು ತನಗೆ 'ಪೀಪಲ್ ಫಸ್ಟ್' ಎಂದು ಹೆಸರಿಟ್ಟುಕೊಂಡಿತು. ಅಪ್ಪ-ಅಮ್ಮ ಅಲ್ಲ, ಟೀಚರೂ ಅಲ್ಲ, ಅವರೇ.

ನಮ್ಮಲ್ಲಿ ವಿಲೋಬ್ರೂಕ್‌ನಂಥ ದೈತ್ಯ ಸಂಸ್ಥೆಗಳು ಆ ಪ್ರಮಾಣದಲ್ಲಿ ಬೆಳೆಯಲಿಲ್ಲ. ಮುಖ್ಯ ಕಾರಣ, ಮನೆಯವರೇ ನೋಡಿಕೊಂಡರು. 2011ರ ಜನಗಣತಿ ಲೆಕ್ಕ ಹಾಕಿದ, ಬೌದ್ಧಿಕ ವಿಕಲತೆ ಇರುವ ಸುಮಾರು 15 ಲಕ್ಷ ಜನರಲ್ಲಿ ಹೆಚ್ಚಿನವರು ಇರುವುದು ಮನೆಗಳಲ್ಲೇ. ಅಮೆರಿಕದ ಹೋರಾಟಕ್ಕೆ ಎದುರಿಗೆ ಸರ್ಕಾರವಿತ್ತು. ಇಲ್ಲಿ ಎದುರಿಗಿರುವುದು ಮೂವತ್ತು ವರ್ಷ ಊಟ ಮಾಡಿಸಿದ, ಸ್ನಾನ ಮಾಡಿಸಿದ ತಾಯಿ. ಅವರ ಜೊತೆ ಹಕ್ಕಿನ ಮಾತು ಆಡುವುದು ಹೇಗೆ, ಅಲ್ವಾ?

ಹಾಗಂತ ಇಲ್ಲಿ ಸಂಸ್ಥೆಗಳ ಕಥೆ ಇಲ್ಲವೇ ಇಲ್ಲ ಎಂದಲ್ಲ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದಲ್ಲಿದ್ದ ಹತ್ತಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಪುಣೆಯಲ್ಲಿ ಗರ್ಭಕೋಶ ತೆಗೆಸಿದರು. ಮುಟ್ಟಿನ ದಿನಗಳಲ್ಲಿ ನೋಡಿಕೊಳ್ಳುವುದು ಕಷ್ಟ ಅನ್ನುವುದು ಕಾರಣ. ಗಲಾಟೆಯಾದ ಮೇಲೆ ಉಳಿದವರ ಶಸ್ತ್ರಚಿಕಿತ್ಸೆ ನಿಂತಿತು. 2024ರ ಜುಲೈ ಒಂದೇ ತಿಂಗಳಲ್ಲಿ ದೆಹಲಿಯ ಆಶಾ ಕಿರಣ್ ಎಂಬ ಸರ್ಕಾರಿ ಆಶ್ರಯಧಾಮದಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು.

ಇವೆರಡರ ನಡುವೆ 2009ರ ಚಂಡೀಗಢದ ಪ್ರಕರಣವಿದೆ. ಸರ್ಕಾರಿ ಆಶ್ರಯದಲ್ಲಿದ್ದ ಅನಾಥ ಯುವತಿ. ಹತ್ತೊಂಬತ್ತು-ಇಪ್ಪತ್ತರ ವಯಸ್ಸು, ಅಲ್ಪ ಪ್ರಮಾಣದ ಬೌದ್ಧಿಕ ವಿಕಲತೆ. ಆಶ್ರಯ ಕೊಟ್ಟ ಜಾಗದಲ್ಲೇ ಅತ್ಯಾಚಾರವಾಗಿ ಗರ್ಭಿಣಿಯಾದಳು. ಚಂಡೀಗಢ ಆಡಳಿತ ಗರ್ಭಪಾತಕ್ಕೆ ಅನುಮತಿ ಕೇಳಿತು, ಹೈಕೋರ್ಟು ಒಪ್ಪಿತು. ತಜ್ಞರು ಅವಳ ಜೊತೆ ಮಾತಾಡಿದಾಗ ಅವಳು ಮಗು ಬೇಕು ಎಂದಿದ್ದಳು. ಆ ಮಾತು ದಾಖಲೆಯಲ್ಲಿತ್ತು, ತೀರ್ಮಾನದಲ್ಲಿ ಇರಲಿಲ್ಲ. ಸುಪ್ರೀಂ ಕೋರ್ಟು ಆದೇಶಕ್ಕೆ ತಡೆ ಕೊಟ್ಟು, ಆಗಸ್ಟ್ 28ರಂದು ಕಾರಣಗಳನ್ನು ಬರೆಯಿತು. ಬೌದ್ಧಿಕ ವಿಕಲತೆ ಬೇರೆ, ಮಾನಸಿಕ ಕಾಯಿಲೆ ಬೇರೆ. ಹದಿನೆಂಟು ದಾಟಿದ ಹೆಣ್ಣುಮಗಳ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ. ಸಾಕುವುದು ಹೇಗೆ ಎಂಬ ಚಿಂತೆ ಇದ್ದರೆ ಅದಕ್ಕೆ ನೆರವು ಕೊಡಬೇಕೇ ಹೊರತು ಅವಳ ಆಯ್ಕೆಯನ್ನು ಕಿತ್ತುಕೊಳ್ಳಬಾರದು. ನೆರವಾಗುತ್ತೇವೆ ಎಂದು ಮುಂದೆ ಬಂದದ್ದು ನ್ಯಾಷನಲ್ ಟ್ರಸ್ಟೇ.

ಆ ಹೊತ್ತಿಗೆ ಭಾರತ ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿ ಎರಡು ವರ್ಷವಾಗಿತ್ತು. 2006ರಲ್ಲಿ ಬಂದ ಈ ಒಡಂಬಡಿಕೆಯ 12ನೇ ವಿಧಿ ಕಾನೂನಿನ ಮುಂದೆ ಎಲ್ಲರೂ ತಮ್ಮ ತೀರ್ಮಾನಕ್ಕೆ ತಾವೇ ಒಡೆಯರು ಎನ್ನುತ್ತದೆ. 19ನೇ ವಿಧಿ ಎಲ್ಲಿ, ಯಾರ ಜೊತೆ ಇರಬೇಕೆಂದು ಆರಿಸಿಕೊಳ್ಳುವ ಹಕ್ಕು ಕೊಡುತ್ತದೆ. ತೀರ್ಮಾನ ಕಷ್ಟವಾದರೆ ನೆರವು ಕೊಡಿ, ಅವರ ಬದಲಿಗೆ ನೀವೇ ತೀರ್ಮಾನಿಸಬೇಡಿ ಎಂಬುದು ಅದರ ತಿರುಳು. ಇದರ ಬೆನ್ನಿಗೆ ಬಂದ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ವಿಕಲತೆಗಳ ಪಟ್ಟಿಯನ್ನು 21ಕ್ಕೆ ಏರಿಸಿತು, 'ಸೀಮಿತ ಪೋಷಕತ್ವ' ತಂದಿತು. ಅಂದರೆ ಇಬ್ಬರೂ ಕೂತು, ಮಾತಾಡಿ, ಒಟ್ಟಿಗೆ ತೀರ್ಮಾನಿಸುವುದು, ಅದೂ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ. ಆದರೆ 1999ರ ಕಾಯ್ದೆಯನ್ನು ಅದಕ್ಕೆ ತಕ್ಕಂತೆ ತಿದ್ದಲಿಲ್ಲ. ಎರಡೂ ಅಕ್ಕಪಕ್ಕ ಓಡುತ್ತಿವೆ. 2019ರಲ್ಲಿ ಭಾರತದ ವರದಿ ಪರಿಶೀಲಿಸಿದ ವಿಶ್ವಸಂಸ್ಥೆಯ ಸಮಿತಿಗೆ ಈ ಎರಡೂ ಬಗೆಯ ಪೋಷಕತ್ವ ಸಮಾಧಾನ ತರಲಿಲ್ಲ.

ನೆರವು ಕೊಟ್ಟು ಕೇಳುವುದು ಅಂದರೇನು? ಹೋಟೆಲಿನಲ್ಲಿ ನೋಡಬಹುದು. "ದೋಸೆನಾ, ಇಡ್ಲಿನಾ?" "ಇಡ್ಲಿ." ಸರಿ, ತಿರುಗಿಸಿ ಕೇಳಿ. "ಇಡ್ಲಿನಾ, ದೋಸೆನಾ?" "ದೋಸೆ." ಅಂದರೆ ಅವನು ಆರಿಸಿಕೊಂಡಿಲ್ಲ, ಕೊನೆಗೆ ಕೇಳಿಸಿದ್ದನ್ನೇ ಹೇಳಿದ್ದಾನೆ. ಪಕ್ಕದ ಟೇಬಲಿನ ತಟ್ಟೆ ತೋರಿಸಿ, ಇಲ್ಲವೇ ಫೋನಿನಲ್ಲಿ ಎರಡು ಫೋಟೋ ಇಟ್ಟು, ಬೆರಳು ಎತ್ತ ಹೋಗುತ್ತದೆ ಅಂತ ಕಾಯಿರಿ. ಇನ್ನು ಕೆಲವರು ಎಲ್ಲಕ್ಕೂ "ಹೂಂ" ಅನ್ನುತ್ತಾರೆ. ಬೇಡ ಅಂದಾಗ ಯಾರೂ ಕೇಳಿಲ್ಲದ ಕಾರಣ "ಬೇಡ" ಅನ್ನುವುದನ್ನೇ ಬಿಟ್ಟಿರುತ್ತಾರೆ. ಹೊತ್ತು ಹಿಡಿಯುವ ಕೆಲಸ. ಮಾಣಿ ನಿಂತುಕೊಂಡು ಗೊಣಗುತ್ತಾನೆ. ಆದರೆ ತಿಂಡಿಯಲ್ಲಿ ರೂಢಿಯಾಗದ ಆಯ್ಕೆ, ನಾಳೆ ಯಾರ ಜೊತೆ ಇರಬೇಕು ಅನ್ನುವಲ್ಲಿ ಏಕಾಏಕಿ ಬರುವುದಿಲ್ಲ.

ಕೌಂಟರಿನ ಆಚೆಗೂ ಇವರು ಇದ್ದಾರೆ. 2017ರಲ್ಲಿ ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ಶುರುವಾದ ಮಿಟ್ಟಿ ಕೆಫೆಯಲ್ಲಿ ಬೌದ್ಧಿಕ ಮತ್ತು ದೈಹಿಕ ವಿಕಲತೆ ಇರುವವರೇ ಆರ್ಡರ್ ತೆಗೆದುಕೊಳ್ಳುತ್ತಾರೆ, ಚಹಾ ಕೊಡುತ್ತಾರೆ, ಸಂಬಳ ಪಡೆಯುತ್ತಾರೆ. 2023ರಲ್ಲಿ ಅದರ ಒಂದು ಶಾಖೆ ಸುಪ್ರೀಂ ಕೋರ್ಟಿನ ಆವರಣದಲ್ಲೇ ತೆರೆಯಿತು. ಮತದಾನವೂ ಹೀಗೆಯೇ. ಬುದ್ಧಿ ಸ್ವಸ್ಥವಾಗಿಲ್ಲ ಎಂದು ಕೋರ್ಟು ಘೋಷಿಸದ ಹೊರತು ಬೌದ್ಧಿಕ ವಿಕಲತೆಯ ಕಾರಣಕ್ಕೆ ಯಾರ ಹೆಸರನ್ನೂ ಮತದಾರರ ಪಟ್ಟಿಯಿಂದ ಬಿಡುವಂತಿಲ್ಲ. ಆದರೆ "ಅವನಿಗೇನು ಗೊತ್ತಾಗುತ್ತೆ, ಸುಮ್ನೆ ಯಾಕೆ" ಅಂತ ಮನೆಯವರೇ ಹೆಸರು ಸೇರಿಸಿರುವುದಿಲ್ಲ.

ಪೋಷಕತ್ವವೇ ಬೇಡ ಅನ್ನುವ ವಾದ ಹೋರಾಟಗಾರರಲ್ಲಿ ಬಲವಾಗಿದೆ. ತತ್ವವಾಗಿ ನನಗೂ ಒಪ್ಪಿಗೆ. ಆದರೆ ಬ್ಯಾಂಕು ಪೋಷಕತ್ವದ ಪತ್ರ ಕೇಳುತ್ತಿರುವವರೆಗೆ, ಜಮೀನಿನ ಮೇಲೆ ದಾಯಾದಿಗಳ ಕಣ್ಣು ಇರುವವರೆಗೆ ಅದಿಲ್ಲದೆ ಇರಿ ಅಂತ ಎಪ್ಪತ್ತು ದಾಟಿದ ತಾಯಿಗೆ ಹೇಳಲು ಧೈರ್ಯ ಬರುವುದಿಲ್ಲ. ಒಂದು ಮಾತನ್ನಂತೂ ಹೇಳಬಹುದು. 1999ರ ಕಾಯ್ದೆಯ 14ನೇ ಕಲಂ ಪ್ರಕಾರವೇ ಸಮಿತಿ ಎರಡು ವಿಷಯ ನೋಡಬೇಕು: ಇವರಿಗೆ ಪೋಷಕರು ಬೇಕೇ, ಬೇಕಾದರೆ ಯಾವ ಕೆಲಸಕ್ಕೆ. ಬ್ಯಾಂಕ್ ವ್ಯವಹಾರಕ್ಕೆ ಮಾತ್ರ ಸಾಕು ಎಂದು ಅರ್ಜಿಯಲ್ಲಿ ಬರೆಯಬಹುದು. ಕರ್ನಾಟಕದಲ್ಲಿ ಇದನ್ನು ವಿಚಾರಿಸಲು ಜಿಲ್ಲಾ ಕಚೇರಿಗೇ ಅಲೆಯಬೇಕೆಂದಿಲ್ಲ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ವಿಕಲಚೇತನರೇ. ಮೊದಲು ಅವರನ್ನು ಕೇಳಿ. ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ.