ಫ್ಲ್ಯಾಟ್ ಮಾರುವಾಗ ಚಿಮ್ನಿ, ಫ್ರಿಜ್ ಕೂಡ ಬಿಟ್ಟುಕೊಡಬೇಕಾ?

ಪ್ರಶ್ನೆ: ಬೆಂಗಳೂರಿನ ನಮ್ಮ ಫ್ಲ್ಯಾಟ್ ಮಾರುತ್ತಿದ್ದೇವೆ. ಅಡುಗೆಮನೆಯ ಚಿಮ್ನಿ, ಹಾಬ್ (ಕಟ್ಟೆಯೊಳಗೇ ಕೂರಿಸಿದ ಗ್ಯಾಸ್ ಒಲೆ), ವಾಟರ್ ಪ್ಯೂರಿಫೈಯರ್, ಫ್ರಿಜ್ ಎಲ್ಲವೂ ಮನೆಯ ಜೊತೆಗೇ ಬೇಕು ಅನ್ನುತ್ತಿದ್ದಾರೆ ಕೊಳ್ಳುವವರು. ಕೊಡಲೇಬೇಕಾ?

ಉತ್ತರ: ಎಲ್ಲವನ್ನೂ ಕೊಡಬೇಕಾಗಿಲ್ಲ. ಆದರೆ ಕೆಲವನ್ನು ಕಿತ್ತುಕೊಂಡು ಹೋದರೆ ನಷ್ಟ ನಿಮಗೇ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಮನೆ ಮಾರಿದರೆ ಬೀಗ, ಕೀಲಿಕೈ, ಬಾಗಿಲು, ಕಿಟಕಿಗಳ ಜೊತೆಗೆ ಮನೆಯ ಕಾಯಂ ಬಳಕೆಗೆಂದು ಒದಗಿಸಿದ ವಸ್ತುಗಳೂ ಕೊಂಡವರಿಗೇ ಸೇರುತ್ತವೆ, ಬೇರೆ ಮಾತಾಗಿರದಿದ್ದರೆ. ಫ್ರಿಜ್ ಇದರಲ್ಲಿ ಬರುವುದಿಲ್ಲ. ಕ್ಯಾಬಿನೆಟ್ ಖಂಡಿತ ಬರುತ್ತದೆ. ಜಗಳ ಹುಟ್ಟುವುದು ಚಿಮ್ನಿ, ಹಾಬ್‌ಗಳ ವಿಷಯದಲ್ಲಿ.

ನನ್ನ ಸಲಹೆ ಕೇಳಿದರೆ, ಗ್ರಾನೈಟ್ ಕೊಯ್ದು, ಗೋಡೆ ಕೊರೆದು ಕೂರಿಸಿದ್ದನ್ನು ಮುಟ್ಟಬೇಡಿ. ಕಟ್ಟೆಯಲ್ಲಿ ಆ ಹಾಬ್‌ನ ಅಳತೆಗೇ ತೂತು ಕೊಯ್ದಿರುತ್ತಾರೆ. ಬೇರೆ ಕಂಪನಿಯದು ಅಲ್ಲಿ ಕೂರುತ್ತದೆ ಅನ್ನುವ ಭರವಸೆ ಇಲ್ಲ. ನಿಮ್ಮದು ಪೈಪ್ ಗ್ಯಾಸ್ ಆಗಿದ್ದರೆ ಬರ್ನರ್‌ಗೆ ಗ್ಯಾಸ್ ಬಿಡುವ ಸಣ್ಣ ತೂತಿನ ಜೆಟ್ಟನ್ನೂ ಬದಲಾಯಿಸಿರುತ್ತಾರೆ. ಹೊಸ ಮನೆಯಲ್ಲಿ ಸಿಲಿಂಡರ್ ಇದ್ದರೆ ಮತ್ತೆ ಬದಲಾಯಿಸಬೇಕು. ಚಿಮ್ನಿ ತೆಗೆದರೆ ಪೈಪಿನ ತೂತು, ಸುತ್ತ ಜಿಡ್ಡು ಹಿಡಿದ ಟೈಲ್ಸ್ ಎದ್ದು ಕಾಣುತ್ತವೆ. ಮನೆ ನೋಡಲು ಬಂದವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ, ಅಲ್ವಾ? ಏಳೆಂಟು ವರ್ಷ ಹಳೆಯ ಚಿಮ್ನಿ ಹೊರಗೆ ಮಾರಿದರೂ ಜಾಸ್ತಿ ದುಡ್ಡೇನೂ ಹುಟ್ಟುವುದಿಲ್ಲ.

ಫ್ರಿಜ್, ಓವನ್ ನಿಮ್ಮಿಷ್ಟ. ಕೊಡುವ ಮನಸ್ಸಿದ್ದರೂ ಮೊದಲೇ ಬಾಯಿ ಬಿಡಬೇಡಿ. ಚೌಕಾಸಿ ಕೊನೆಯ ಐವತ್ತು ಸಾವಿರಕ್ಕೆ ಬಂದು ನಿಂತಾಗ "ಫ್ರಿಜ್ ಬಿಟ್ಟುಹೋಗ್ತೀವಿ, ರೇಟು ಇಷ್ಟೇ" ಅನ್ನಿ.

ಇನ್ನು ದುಡ್ಡಿನ ಲೆಕ್ಕ. ವಸ್ತುಗಳ ಬೆಲೆಯನ್ನು ಕ್ರಯಪತ್ರದ ಮೊತ್ತಕ್ಕೇ ಸೇರಿಸಿದರೆ ಕೊಳ್ಳುವವರು ಅದಕ್ಕೂ ಶುಲ್ಕ ಕಟ್ಟಬೇಕು. ಕರ್ನಾಟಕದಲ್ಲಿ 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 2 ಆಗಿದೆ. 2 ಲಕ್ಷದ ವಸ್ತುಗಳಿಗೆ ಹೆಚ್ಚುಕಡಿಮೆ 15 ಸಾವಿರ ಸುಮ್ನೆ ಹೋಗುತ್ತದೆ. ಅದಕ್ಕೇ ಬೇರೆ ಚೀಟಿ ಬರೆದು, ಬ್ಯಾಂಕ್ ಮೂಲಕವೇ ದುಡ್ಡು ತೆಗೆದುಕೊಳ್ಳುವುದು ಮೇಲು. ಹಾಗಂತ ಹಳೆ ಫ್ರಿಜ್‌ಗೆ 5 ಲಕ್ಷ ತೋರಿಸಿ ಮನೆಯ ಬೆಲೆ ಇಳಿಸಲು ಹೋಗಬೇಡಿ. ಅದು ತೆರಿಗೆಗಳ್ಳತನ, ಸಿಕ್ಕಿಬಿದ್ದರೆ ಇಬ್ಬರಿಗೂ ತಲೆನೋವು. ಮನೆ ಸಾಲವೂ ಸಾಮಾನ್ಯವಾಗಿ ಮನೆಗೆ ಮಾತ್ರ ಸಿಗುವುದರಿಂದ, ವಸ್ತುಗಳ ಈ ದುಡ್ಡನ್ನು ಕೊಳ್ಳುವವರು ಕೈಯಿಂದಲೇ ಹೊಂದಿಸಬೇಕಾಗುತ್ತದೆ.

ಏನೇ ಒಪ್ಪಿದರೂ ಅಗ್ರಿಮೆಂಟ್‌ನಲ್ಲಿ ಪಟ್ಟಿ ಇರಲಿ: ಕಂಪನಿ, ಮಾಡೆಲ್, ಈಗಿನ ಸ್ಥಿತಿ. ಬರೀ "ಚಿಮ್ನಿ ಸಮೇತ" ಎಂದು ಬರೆದರೆ ಸಾಲದು. "ಇದ್ದ ಹಾಗೆಯೇ, ಗ್ಯಾರಂಟಿ ಇಲ್ಲ" ಅನ್ನುವ ಸಾಲೂ ಸೇರಿಸಿ. ಇಲ್ಲದಿದ್ದರೆ ಮೋಟಾರ್ ಕೆಟ್ಟ ದಿನ ನಿಮಗೇ ಫೋನ್ ಬರುತ್ತದೆ.

ಗ್ಯಾಸ್ ಸಿಲಿಂಡರ್, ರೆಗ್ಯುಲೇಟರ್ ಮಾತ್ರ ಈ ಪಟ್ಟಿಗೆ ಹಾಕಬೇಡಿ. ಅವು ಗ್ಯಾಸ್ ಕಂಪನಿಯ ಸೊತ್ತು. ಏಜೆನ್ಸಿಗೆ ಒಪ್ಪಿಸಿ ಡಿಪಾಸಿಟ್ ವಾಪಸ್ ಪಡೆಯಿರಿ, ಇಲ್ಲವೇ ಹೊಸ ವಿಳಾಸಕ್ಕೆ ಕನೆಕ್ಷನ್ ವರ್ಗ ಮಾಡಿಸಿಕೊಳ್ಳಿ.